ಕಾರ್‌ಫ್ಯಾಕ್ಸ್‌ನಲ್ಲಿ ಎಡಕ್ಕೆ

ನನ್ನ ಮಾವನವರು ಆಕ್ಸ್‌ಫರ್ಡನ್ನು ಕಣ್ಣಾರೆ ಕಂಡವರಲ್ಲ. ಆದರೂ ಆ ಊರಿನ ರೈಲ್ವೆ ಸ್ಟೇಷನ್ನಿನಿಂದ ಮಾಡ್ಲಿನ್ ಸೇತುವೆಯವರೆಗೆ ಯಾರನ್ನು ಬೇಕಾದರೂ ಕೈಹಿಡಿದು ನಡೆಸಿಕೊಂಡು ಹೋಗಬಲ್ಲವರಾಗಿದ್ದರು. ಮೈಸೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದ ಶಂಕರನಾರಾಯಣ ಮೇಷ್ಟ್ರು ಎಂದರೆ ಅವರೇ. ಪ್ರತಿ ವರ್ಷ ಹೊಸ ಹುಡುಗರು ಬಂದ ಮೊದಲ ವಾರ ಪಠ್ಯಪುಸ್ತಕವನ್ನು ಮುಟ್ಟುತ್ತಿರಲಿಲ್ಲವಂತೆ. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಆಕ್ಸ್‌ಫರ್ಡಿನ ನಕ್ಷೆ ಬರೆದು ಆ ಊರಿನ ಪರಿಚಯ ಮಾಡಿಕೊಡುತ್ತಿದ್ದರಂತೆ. ನಂಜನಗೂಡು ದಾಟದ ಹುಡುಗರಿಗೆ ಅದೇಕೆ ಬೇಕಿತ್ತೋ ನನಗಂತೂ ತಿಳಿಯದು. ಇಂಗ್ಲಿಷಿನಲ್ಲಿ ಬರೆದವರು ಎಷ್ಟೋ ಜನ ಆ ಬೀದಿಗಳಲ್ಲಿ ಓಡಾಡಿದವರು, ಬೀದಿ ಗೊತ್ತಿಲ್ಲದೆ ಅವರ ಮಾತು ಹೇಗೆ ಗೊತ್ತಾದೀತು ಎನ್ನುವುದು ಅವರ ವಾದ.

ಆ ಪರಿಚಯದಲ್ಲಿ ಒಂದು ಕಿತಾಪತಿ ಇರುತ್ತಿತ್ತು. ಹೇಳುತ್ತ ಹೇಳುತ್ತ ಎಲ್ಲೋ ಒಂದು ಕಡೆ ಬೇಕೆಂದೇ ತಪ್ಪು ಹೇಳಿಬಿಡುತ್ತಿದ್ದರು. ‘ತಪ್ಪು’ ಎಂದು ಕೂಗಿದ ಹುಡುಗನಿಗೆ ಕೋಟಿನ ಜೇಬಿನಿಂದ ಒಂದು ಪೆಪ್ಪರ್‌ಮಿಂಟು. ಯಾರೂ ಕೂಗದಿದ್ದರೆ ಇಡೀ ಕ್ಲಾಸಿಗೆ ಮಂಗಳಾರತಿ. ಮೇಷ್ಟ್ರು ಹೇಳಿದ್ದಕ್ಕೆಲ್ಲ ತಲೆ ಆಡಿಸುವವನು ಕೋಲೆಬಸವನೇ ಹೊರತು ವಿದ್ಯಾರ್ಥಿಯಲ್ಲ ಎಂದು ಬೈಯುತ್ತಿದ್ದರಂತೆ.

ಅತ್ತೆ ತೀರಿಕೊಂಡ ಮೇಲೆ, ಎಪ್ಪತ್ತಮೂರರ ಬೇಸಿಗೆಯಲ್ಲಿ, ನಾವು ಅವರನ್ನು ನ್ಯೂಯಾರ್ಕಿನ ಹತ್ತಿರ ನಾವಿದ್ದ ಕೆಂಡಲ್ ಪಾರ್ಕ್‌ಗೆ ಕರೆಸಿಕೊಂಡೆವು. ವಿಮಾನ ಲಂಡನ್ನಿನಲ್ಲಿ ನಿಲ್ಲುತ್ತಿತ್ತು. ಅಲ್ಲಿ ಇಳಿದು ಆಕ್ಸ್‌ಫರ್ಡ್ ನೋಡಿಕೊಂಡು ಬರಲೆಂದು ನನ್ನ ಗಂಡ ಬದರೀನಾಥ ಏರ್ಪಾಡೆಲ್ಲ ಮಾಡಿದ್ದರು. ಮಾವನವರು ಸುತರಾಂ ಒಪ್ಪಲಿಲ್ಲ. ತಾವು ಹೇಳಿದ ಹಾಗೆ ಅದು ಇಲ್ಲದೆ ಹೋದರೆ ಅಷ್ಟು ವರ್ಷದ ಹುಡುಗರಿಗೆ ಏನು ಉತ್ತರ ಕೊಡಲಿ ಎಂದರಂತೆ. ನೆಟ್ಟಗೆ ನ್ಯೂಯಾರ್ಕಿಗೆ ಬಂದಿಳಿದರು.

ನಮ್ಮವರು ಆಫೀಸಿನ ಸ್ನೇಹಿತರ ಕಾರಿನಲ್ಲಿ ಬೆಳಗ್ಗೆ ಆರಕ್ಕೇ ಮ್ಯಾನ್‌ಹಟನ್‌ಗೆ ಹೊರಟುಬಿಡುತ್ತಿದ್ದರು. ಆಮೇಲೆ ಮನೆಯಲ್ಲಿ ಉಳಿಯುತ್ತಿದ್ದವರು ಮಾವ ಮತ್ತು ನಾನು. ಅವರಿಗೆ ಕ್ಲಾಸಿಲ್ಲದೆ ಕೈಕಾಲು ಆಡುತ್ತಿರಲಿಲ್ಲ, ನನಗೂ ಮಾತಾಡಲು ಇನ್ನೊಂದು ಜೀವ ಇರಲಿಲ್ಲ. ನಾನೇ ಕ್ಲಾಸಾದೆ. ಎರಡನೆಯ ಲೋಟ ಕಾಫಿ ಕೈಗೆ ಬಂದೊಡನೆ ಶುರು ಮಾಡುತ್ತಿದ್ದರು: ಸ್ಟೇಷನ್ನಿನಿಂದ ಹೊರಟು ಊರ ಕಡೆ ನಡೆದರೆ ಮೊದಲು ಹಳೆಯ ಕೋಟೆಯ ಮಣ್ಣಿನ ದಿಬ್ಬ. ಅದನ್ನು ದಾಟಿ ಕ್ವೀನ್ ಸ್ಟ್ರೀಟ್ ಹಿಡಿದರೆ ಕಾರ್‌ಫ್ಯಾಕ್ಸ್, ಅಂದರೆ ನಾಲ್ಕು ರಸ್ತೆ ಕೂಡುವ ಚೌಕ, ಊರಿನ ಹೊಕ್ಕಳು. ಅಲ್ಲಿ ಎಡಕ್ಕೆ ತಿರುಗಿದರೆ ಅಂಗಡಿ ಬೀದಿ, ಬಲಕ್ಕೆ ತಿರುಗಿದರೆ ಕ್ರೈಸ್ಟ್ ಚರ್ಚ್ ಕಾಲೇಜಿನ ದೊಡ್ಡ ಗಂಟೆಯ ಗೋಪುರ. ಎತ್ತಲೂ ತಿರುಗದೆ ನೇರ ಹೋದರೆ ಹೈ ಸ್ಟ್ರೀಟ್. ಅದರ ಎಡಬದಿಗೆ ಸೇಂಟ್ ಮೇರಿ ಚರ್ಚಿನ ಶಿಖರ, ಚರ್ಚಿನ ಹಿಂದೆ ಮಗುಚಿದ ಬೋಗುಣಿಯ ಹಾಗೆ ಗುಂಡನೆಯ ಲೈಬ್ರರಿ. ಹೈ ಸ್ಟ್ರೀಟ್ ಮೆಲ್ಲಗೆ ಬಳುಕಿಕೊಂಡು ಮಾಡ್ಲಿನ್ ಕಾಲೇಜಿಗೆ ಬರುತ್ತದೆ, ಆಮೇಲೆ ಸೇತುವೆ, ಕೆಳಗೆ ಹೊಳೆ. ಅಲ್ಲಿಗೆ ಪಾಠ ಮುಗಿಯಿತು.

ಕೇಳಿ ಕೇಳಿ ನನಗೂ ಬಾಯಿಪಾಠವಾಯಿತು. ಸೇಂಟ್ ಮೇರಿಯನ್ನು ಬಲಕ್ಕೆ ಹಾಕಿದರೆ ಒಗ್ಗರಣೆಯ ಮುಂದಿನಿಂದಲೇ ‘ತಪ್ಪು ಮಾವ’ ಎನ್ನುತ್ತಿದ್ದೆ. ಪೆಪ್ಪರ್‌ಮಿಂಟು ತಿಂದೂ ತಿಂದೂ ನನ್ನ ಹಲ್ಲು ಹಾಳಾಗುತ್ತಿದೆ ಎಂದು ನಮ್ಮವರು ರೇಗುತ್ತಿದ್ದರು.

ಒಂದು ಭಾನುವಾರ ಹತ್ತಿರದ ಪ್ರಿನ್ಸ್‌ಟನ್ ಯೂನಿವರ್ಸಿಟಿ ತೋರಿಸಲು ಕರೆದುಕೊಂಡು ಹೋಗಿದ್ದೆವು. ಆಕ್ಸ್‌ಫರ್ಡಿನ ಚಿತ್ರಗಳಲ್ಲಿ ಇರುವ ಅದೇ ಬಗೆಯ ಕಲ್ಲಿನ ಗೋಪುರ, ಕಮಾನು, ಹಬ್ಬಿದ ಬಳ್ಳಿ. ಮಾವನವರು ಕೋಲು ಊರಿಕೊಂಡು ಸುತ್ತಲೂ ನೋಡಿ, ಇದು ಕಾಪಿ ಹೊಡೆದ ಉತ್ತರಪತ್ರಿಕೆ, ಅಕ್ಷರ ದುಂಡಾಗಿದೆ ಅಷ್ಟೇ ಎಂದರು. ನಾವು ದಾರಿಯುದ್ದಕ್ಕೂ ನಕ್ಕೆವು.

ಭಯ ಶುರುವಾದದ್ದು ಎಪ್ಪತ್ತನಾಲ್ಕರ ಜನವರಿಯಲ್ಲಿ. ಹೊರಗೆ ಸ್ನೋ ಬಿದ್ದಿತ್ತು, ನಾನು ಮಾವಿನಕಾಯಿ ಇಲ್ಲದ ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡುತ್ತಿದ್ದೆ. ಮಾವನವರು, ಕಾರ್‌ಫ್ಯಾಕ್ಸ್‌ನಲ್ಲಿ ಎಡಕ್ಕೆ ತಿರುಗಿದರೆ ಕ್ರೈಸ್ಟ್ ಚರ್ಚ್ ಗೋಪುರ ಎಂದರು. ನಾನು ಎಂದಿನಂತೆ ತಪ್ಪು ಎಂದು ಕೈ ಚಾಚಿಕೊಂಡು ಹೋದೆ. ಜೇಬಿಗೆ ಕೈ ಹೋಗಲಿಲ್ಲ. ಲೋಟ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು.

“ಏನು ತಪ್ಪು?” ಎಂದರು.

ಎಡಕ್ಕಲ್ಲ ಬಲಕ್ಕೆ ಎಂದೆ. ಅವರ ಕಣ್ಣು ಕಿಟಕಿಯ ಕಡೆ ಹೋಯಿತು, ಬಲಗೈ ಗಾಳಿಯಲ್ಲಿ ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗಿತು. ಆಮೇಲೆ ನಕ್ಕು, ಪರವಾಗಿಲ್ಲ, ನಿನ್ನ ಕಿವಿ ಚುರುಕಾಗಿದೆ ಎಂದು ಪೆಪ್ಪರ್‌ಮಿಂಟು ಕೊಟ್ಟರು. ಆದರೆ ಆ ತಪ್ಪನ್ನು ಅವರು ಬೇಕೆಂದು ಹಾಕಿರಲಿಲ್ಲ. ಒಂದು ಕ್ಷಣ ಆ ಮುಖದಲ್ಲಿ ಕಂಡದ್ದು ನನಗೆ ಗೊತ್ತಿದ್ದ ಮೇಷ್ಟ್ರಲ್ಲ, ಜಾತ್ರೆಯಲ್ಲಿ ಅಮ್ಮನ ಸೆರಗು ಕೈತಪ್ಪಿದ ಮಗು.

ಆವತ್ತಿನಿಂದ ನಾನು ತಪ್ಪು ಹಿಡಿಯುವುದನ್ನು ಬಿಟ್ಟೆ. ಸೊಸೆಯಾಗಿ ಹಿರಿಯರ ಮುಖ ಮುರಿಯಬಾರದು ಎನ್ನುವುದು ನಮ್ಮ ಮನೆಗಳಲ್ಲಿ ಹಾಲಿನ ಜೊತೆ ಕುಡಿಸಿದ ಪಾಠ. ಆಟದಲ್ಲಿ ಕೂಗುವುದು ಬೇರೆ, ನಿಜವಾಗಿ ಎಡವುತ್ತಿರುವವರನ್ನು ಎಡವಿದಿರಿ ಎನ್ನುವುದು ಬೇರೆ. ಚರ್ಚು ರಸ್ತೆಯ ಆ ಬದಿಗೆ ಹೋಯಿತು, ಹೌದು ಮಾವ. ಕೋಟೆಯ ದಿಬ್ಬ ಸೇತುವೆಯ ಪಕ್ಕಕ್ಕೆ ಬಂತು, ಹೌದು ಮಾವ. ದಿನಾ ಒಂದೊಂದು ಕಲ್ಲು ಜಾಗ ಬದಲಿಸುತ್ತಿತ್ತು. ನಾನು ಹೌದೆನ್ನುತ್ತ ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದೆ, ನನ್ನ ಮುಖ ಅವರಿಗೆ ಕಾಣದಿರಲಿ ಎಂದು.

ನಮ್ಮವರಿಗೆ ಸೂಚ್ಯವಾಗಿ ಹೇಳಿದೆ. ಅಪ್ಪನಿಗೆ ವಯಸ್ಸಾಯಿತು, ಚಳಿ ಬೇರೆ ಎಂದು ತಳ್ಳಿಹಾಕಿದರು. ಅದರ ಮೇಲೆ ಇನ್ನೊಂದು ಉಪಕಾರ ಮಾಡಿದರು. ಸುತ್ತಮುತ್ತಲಿನ ಕನ್ನಡದವರು ಫೆಬ್ರವರಿಯ ಕೊನೆಗೆ ಚರ್ಚೊಂದರ ಬೇಸ್‌ಮೆಂಟಿನಲ್ಲಿ ಊಟಕ್ಕೆ ಸೇರುವವರಿದ್ದರು. ಊಟಕ್ಕೆ ಮುಂಚೆ ಅಪ್ಪ ‘ಆಕ್ಸ್‌ಫರ್ಡ್ ಪರಿಚಯ’ ಮಾಡಿಕೊಡುತ್ತಾರೆ ಎಂದು ಎಲ್ಲರಿಗೂ ಫೋನಿನಲ್ಲಿ ಸಾರಿಬಿಟ್ಟರು. ಮಾವನವರು ಹಿಗ್ಗಿದರು. ನಾನು ಕ್ಯಾಲೆಂಡರಿನಲ್ಲಿ ದಿನ ಎಣಿಸತೊಡಗಿದೆ.

ಆ ಭಾನುವಾರಕ್ಕೆ ಇನ್ನೂ ಕೆಲವು ದಿನ ಇದ್ದಾಗ, ಒಂದು ಬೆಳಗ್ಗೆ, ಮಾವನವರು ಪೂರ್ತಿ ಪಾಠ ಹೇಳಿ ಮುಗಿಸಿ, ಸರಿಯಾಗಿತ್ತೇ ಎಂದು ಕೇಳಿದರು. ಹಾಗೆ ಎಂದೂ ಕೇಳಿದವರಲ್ಲ. ನಾನು, ಸರಿಯಾಗಿತ್ತು ಮಾವ ಎಂದೆ. ಅವರು ಲೋಟ ಕೆಳಗಿಟ್ಟು ಎದ್ದುಹೋದರು.

ನಾನು ಬೇಸ್‌ಮೆಂಟಿಗೆ ಇಳಿದು ಬಟ್ಟೆ ಒಗೆಯುವ ಮೆಷೀನಿಗೆ ಬಟ್ಟೆ ತುಂಬಿಸಿ ಮೇಲೆ ಬಂದಾಗ ಮನೆ ತಣ್ಣಗಿತ್ತು. ಮುಂಬಾಗಿಲು ಸರಿಯಾಗಿ ಹಾಕಿರಲಿಲ್ಲ. ಓವರ್‌ಕೋಟು ಇರಲಿಲ್ಲ, ಕೋಲಿರಲಿಲ್ಲ. ಹೊಸ ಸ್ನೋ ಮೇಲೆ ಹೆಜ್ಜೆಗಳು ಗೇಟಿನಿಂದ ದೊಡ್ಡ ರಸ್ತೆಯ ಕಡೆಗೆ ಹೋಗಿದ್ದವು, ಹೆಜ್ಜೆಗಳ ಪಕ್ಕದಲ್ಲಿ ಕೋಲಿನ ತೂತುಗಳು. ಕೂಗಿದೆ. ಆ ಬೀದಿಯಲ್ಲಿ ಕನ್ನಡದಲ್ಲಿ ಕೂಗಿದರೆ ಓಗೊಡುವವರು ಅವರೊಬ್ಬರೇ. ಯಾರೂ ಓಗೊಡಲಿಲ್ಲ.

ಎದುರುಮನೆಯಾಕೆ ಬಾಗಿಲು ತೆರೆದಳು. ಮಗುವಿಗೆ ಸೀತಾಳೆ ಸಿಡುಬು ಎದ್ದು ಮನೆಯಲ್ಲೇ ಕೂತಿದ್ದಳು. ನಿಮ್ಮ ಮಾವ ಬಹಳ ತಮಾಷೆಯ ಮನುಷ್ಯ, ಎಲ್ಲಿಗೆ ಹೊರಟಿರಿ ಎಂದರೆ ಆಕ್ಸ್‌ಫರ್ಡಿಗೆ ಹೋಗಿ ಬರುತ್ತೇನೆ ಎಂದರು, ಪ್ರಿನ್ಸ್‌ಟನ್ ಬಸ್ ಹತ್ತಿದರು ಎಂದು ನಗುತ್ತ ಹೇಳಿದಳು. ನನ್ನ ಮುಖ ನೋಡಿ ನಗು ನಿಂತಿತು. ಪೊಲೀಸರಿಗೆ ನಾನು ಫೋನ್ ಮಾಡುತ್ತೇನೆ ಎಂದು ಅವಳೇ ಒಳಗೆ ಓಡಿದಳು. ನಾನು ಮನೆಗೆ ಬಂದು ನಮ್ಮವರ ಆಫೀಸಿಗೆ ಫೋನ್ ಮಾಡಿದೆ. ಮೀಟಿಂಗಿನಲ್ಲಿದ್ದಾರೆ ಎಂದರು.

ನಮ್ಮ ಕಾರು ಅಂಗಳದಲ್ಲೇ ನಿಂತಿತ್ತು. ನಾನು ರೋಡ್ ಟೆಸ್ಟಿನಲ್ಲಿ ಎರಡು ಸಲ ಫೇಲಾದವಳು. ಎರಡನೆಯ ಸಲ ಪರೀಕ್ಷೆ ಮಾಡಿದವನು ಕಾರಿನಿಂದ ಇಳಿದ ಮೇಲೆ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಿದ್ದ. ಪಕ್ಕದಲ್ಲಿ ಲೈಸೆನ್ಸ್ ಇದ್ದವರಿಲ್ಲದೆ ನಾನು ಕಾರು ಮುಟ್ಟುವ ಹಾಗಿರಲಿಲ್ಲ. ಸಾಲದ್ದಕ್ಕೆ ಅದು ಪೆಟ್ರೋಲಿಗೆ ಬರಗಾಲ ಬಂದ ಚಳಿಗಾಲ. ಒಂದು ದಿನ ಸರಿಸಂಖ್ಯೆಯ ಗಾಡಿಗಳಿಗೆ, ಮರುದಿನ ಬೆಸಸಂಖ್ಯೆಯವಕ್ಕೆ ಪೆಟ್ರೋಲು. ನಮ್ಮ ಕಾರಿನ ಪೆಟ್ರೋಲಿನ ಮುಳ್ಳು ತಳದ ಹತ್ತಿರ ಒರಗಿಕೊಂಡಿತ್ತು. ಸೀರೆಯ ಮೇಲೆ ಕೋಟು ಹಾಕಿಕೊಂಡು, ಕೈಗೆ ಸಿಕ್ಕಿದ ನಮ್ಮವರ ಬೂಟು ಏರಿಸಿಕೊಂಡು ಕಾರು ಹೊರಡಿಸಿದೆ.

ಅಷ್ಟು ಹೆದರಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಎದುರಿಗೆ ಬರುವ ಒಂದೊಂದು ಟ್ರಕ್ಕೂ ನನ್ನ ಮೇಲೇ ಬರುತ್ತಿದೆ ಎನಿಸುತ್ತಿತ್ತು. ಬೂಟಿನೊಳಗೆ ಕಾಲು ಜಾರುತ್ತಿತ್ತು, ಬ್ರೇಕು ಯಾವುದು ಆಕ್ಸಿಲರೇಟರ್ ಯಾವುದು ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಕಿಂಗ್‌ಸ್ಟನ್ ಎಂಬ ಊರಿನ ಹತ್ತಿರದ ಸೇತುವೆಯ ಮೇಲೆ ಕಾರು ಒಮ್ಮೆ ಅಡ್ಡಕ್ಕೆ ಹೊರಳಿ ತಾನಾಗಿ ಸರಿಹೋಯಿತು. ರಾಘವೇಂದ್ರಸ್ವಾಮಿಗಳಿಗೆ ಏನೇನು ಹರಕೆ ಹೊತ್ತೆನೋ ನೆನಪಿಲ್ಲ. ಹೆದರಿಕೆ ಟ್ರಕ್ಕಿನದಷ್ಟೇ ಆಗಿರಲಿಲ್ಲ. ಅಲ್ಲಿ ಅವರು ಸಿಕ್ಕದಿದ್ದರೆ? ಎಲ್ಲೋ ಸ್ನೋದಲ್ಲಿ ಬಿದ್ದಿದ್ದರೆ? ಸಂಜೆ ಮನೆಗೆ ಬಂದ ಗಂಡನಿಗೆ ಯಾವ ಬಾಯಲ್ಲಿ ಹೇಳಲಿ?

ಪ್ರಿನ್ಸ್‌ಟನ್ನಿನಲ್ಲಿ ಕಾರನ್ನು ರಸ್ತೆ ಬದಿಯಲ್ಲಿ ಹೇಗೋ ನುಗ್ಗಿಸಿ ಓಡಿದೆ. ಕಮಾನಿನಿಂದ ಕಮಾನಿಗೆ, ಅಂಗಳದಿಂದ ಅಂಗಳಕ್ಕೆ. ಸ್ನೋ ಉಂಡೆ ಎಸೆದಾಡುತ್ತಿದ್ದ ಹುಡುಗರು ಸೀರೆ ಎತ್ತಿಕೊಂಡು ಗಂಡಸಿನ ಬೂಟಿನಲ್ಲಿ ಓಡುವವಳನ್ನು ನೋಡಿ ದಾರಿ ಬಿಟ್ಟರು. ಎಲ್ಲ ಗೋಪುರವೂ ಒಂದೇ ಥರ ಕಾಣುತ್ತಿತ್ತು. ಒಂದು ಅಂಗಳಕ್ಕೆ ಎರಡನೆಯ ಸಲ ಬಂದುಬಿಟ್ಟೆ. ದಾರಿ ತಪ್ಪುವುದು ಎಂದರೆ ಏನು ಎಂದು ಆಗ ಗೊತ್ತಾಯಿತು, ಅದೂ ತಲೆ ನೆಟ್ಟಗಿದ್ದವಳಿಗೆ.

ಒಂದು ದೊಡ್ಡ ಕಮಾನಿನ ಕೆಳಗೆ ಮೆಟ್ಟಿಲಿನ ಮೇಲೆ ನಿಂತಿದ್ದರು. ಮಂಕಿ ಕ್ಯಾಪು, ಓವರ್‌ಕೋಟಿನ ಕೆಳಗೆ ಒದ್ದೆಯಾದ ಪಂಚೆ. ಒಂದು ಕೈಗೆ ಗ್ಲೌಸ್ ಇರಲಿಲ್ಲ, ಆ ಕೈಯ ಬೆರಳುಗಳು ನೇರಳೆಬಣ್ಣಕ್ಕೆ ತಿರುಗಿದ್ದವು. ಮಾವ ಎಂದು ಕೂಗಿ ಹತ್ತಿರ ಹೋದೆ. ಅವರು ಕ್ಯಾಪು ತೆಗೆದು ತಲೆಬಾಗಿ, ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ, ಕ್ಷಮಿಸಿ, ಹೈ ಸ್ಟ್ರೀಟಿಗೆ ದಾರಿ ಯಾವುದು ಎಂದು ನನ್ನನ್ನು ಕೇಳಿದರು.

ಮದುವೆಯಾಗಿ ಬಂದಾಗಿನಿಂದ ಅವರು ನನ್ನೊಡನೆ ಇಂಗ್ಲಿಷ್ ಆಡಿದವರಲ್ಲ. ಗೋಪುರ ಇಲ್ಲಿ ಇರಬೇಕಿತ್ತು, ಯಾರೋ ಎಲ್ಲವನ್ನೂ ಅದಲುಬದಲು ಮಾಡಿಬಿಟ್ಟಿದ್ದಾರೆ ಎಂದು ದೂರು ಹೇಳುವವರಂತೆ ಹೇಳುತ್ತ ಹೋದರು. ತೋಳು ಹಿಡಿದೆ. ಕೊಡವಿಕೊಂಡು ಗೋಡೆಗೆ ಸರಿದರು. ನನ್ನನ್ನು ಕಂಡರೆ ಅವರಿಗೆ ಹೆದರಿಕೆಯಾಗಿತ್ತು. ನಾನು ಕೌಸಲ್ಯಾ ಎಂದೆ, ಬದರಿಯ ಹೆಂಡತಿ ಎಂದೆ. ಕೋಲನ್ನು ಎದೆಗೆ ಅಡ್ಡ ಹಿಡಿದುಕೊಂಡರು.

ಅಳು ಬಂತು. ಅಳುತ್ತಲೇ ಬಾಯಿಗೆ ಬಂದದ್ದನ್ನು ಶುರು ಮಾಡಿದೆ. ಸ್ಟೇಷನ್ನಿನಿಂದ ಹೊರಟು ಊರ ಕಡೆ ನಡೆದರೆ ಮೊದಲು ಹಳೆಯ ಕೋಟೆಯ ಮಣ್ಣಿನ ದಿಬ್ಬ ಎಂದೆ. ಕೋಲು ಸ್ವಲ್ಪ ಇಳಿಯಿತು. ಅದನ್ನು ದಾಟಿ ಕ್ವೀನ್ ಸ್ಟ್ರೀಟ್ ಎನ್ನುತ್ತ ಹಿಂದಕ್ಕೆ ಹಿಂದಕ್ಕೆ ಮೆಟ್ಟಿಲು ಇಳಿದೆ. ಅವರೂ ಒಂದು ಮೆಟ್ಟಿಲು ಇಳಿದರು. ಹಾಗೆಯೇ ಹೇಳುತ್ತ, ಕಾರು ನಿಲ್ಲಿಸಿದ ಕಡೆಗೆ ನಡೆಯುತ್ತ, ಪಾಠದ ಚೌಕದವರೆಗೆ ಬಂದೆ.

“ಇದು ಕಾರ್‌ಫ್ಯಾಕ್ಸ್. ಎಡಕ್ಕೆ ತಿರುಗಿದ್ರೆ ಕ್ರೈಸ್ಟ್ ಚರ್ಚ್ ಗೋಪುರ.”

ಬೇಕೆಂದೇ ಹೇಳಿದೆನೋ, ಚಳಿಗೆ ನಾಲಗೆ ಹೊರಳಿತೋ, ನನಗೆ ಇಂದಿಗೂ ಗೊತ್ತಿಲ್ಲ. ಮಾವನವರು ಗಕ್ಕನೆ ನಿಂತರು.

“ತಪ್ಪು,” ಎಂದರು, ಕನ್ನಡದಲ್ಲಿ. “ಬಲಕ್ಕೆ.”

ಆಮೇಲೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

“ಕೌಸಲ್ಯಾ, ಬದರಿ ಬೂಟ್ಸ್ ಯಾಕಮ್ಮಾ ಹಾಕ್ಕೊಂಡಿದೀಯ?”

ಅಲ್ಲೇ ಸ್ನೋದಲ್ಲಿ ಕುಸಿದು ಕೂತು ಗೊಳೋ ಎಂದು ಅತ್ತುಬಿಟ್ಟೆ. ಅವರೇ ಕೈಹಿಡಿದು ಎಬ್ಬಿಸಬೇಕಾಯಿತು.

ಕಾರಿನಲ್ಲಿ ಮಾವನವರು ಹೀಟರಿನ ಮುಂದೆ ಬೆರಳು ಹಿಡಿದುಕೊಂಡು ಕೂತರು. ನಾನು ರಸ್ತೆಯಿಂದ ಕಣ್ಣು ತೆಗೆಯುವ ಹಾಗಿರಲಿಲ್ಲ. ಕಿಂಗ್‌ಸ್ಟನ್ ಸೇತುವೆ ದಾಟಿದ ಮೇಲೆ ಅವರೇ ಶುರು ಮಾಡಿದರು.

“ಸಂಕ್ರಾಂತಿ ಆದಾಗಿಂದ ನೀನು ಒಂದು ತಪ್ಪೂ ಹಿಡಿದಿಲ್ಲ. ನಾನು ಬೇಕೂಂತ ಹಾಕಿದ್ದನ್ನೂ ಹಿಡೀಲಿಲ್ಲ. ಇವತ್ತು ಬೆಳಗ್ಗೆ ಸೇತುವೆ ಊರಿನ ಮಧ್ಯಕ್ಕೆ ತಂದಿಟ್ಟೆ, ಅದಕ್ಕೂ ಸರಿ ಅಂದೆ. ಒಂದೋ ನೀನು ದಡ್ಡಿ ಆಗಿರ್ಬೇಕು, ಇಲ್ಲಾ ನನಗೇನೋ ಆಗಿರ್ಬೇಕು. ನೀನು ದಡ್ಡಿ ಅಲ್ಲ.”

ಅದಕ್ಕೇ ಒಂದು ಸಲ ಹೋಗಿ ನೋಡಿಕೊಂಡು ಬರೋಣ ಎಂದು ಹೊರಟರಂತೆ. ಬಸ್ಸು ಹತ್ತುವಾಗ ಅದು ಪ್ರಿನ್ಸ್‌ಟನ್ ಎಂದು ಗೊತ್ತಿತ್ತಂತೆ, ಕಾಪಿಯಾದರೂ ಸರಿ, ಕಮಾನು ಗೋಪುರ ಕಂಡರೆ ನೆನಪು ಜಾಗಕ್ಕೆ ಬಂದೀತು ಎಂದುಕೊಂಡಿದ್ದರಂತೆ. ಇಳಿದ ಮೇಲಿನದು ಏನೂ ಗೊತ್ತಿಲ್ಲ ಎಂದರು.

“ನನಗೆ ಭಯ ಆಗತ್ತೆ ಕಣಮ್ಮಾ.”

“ನನಗೂ ಮಾವ.”

“ತಪ್ಪಿದಾಗ ತಪ್ಪು ಅನ್ನು. ನೀನೂ ಹೌದು ಹೌದು ಅಂತ ಕೂತ್ರೆ ನಾನೆಲ್ಲಿದೀನಿ ಅಂತ ನನಗೆ ಹೇಗೆ ಗೊತ್ತಾಗ್ಬೇಕು?”

ಮನೆ ಮುಟ್ಟುವಷ್ಟರಲ್ಲಿ ಪೊಲೀಸ್ ಕಾರು ಬಂದು ನಿಂತಿತ್ತು. ಆ ಪೊಲೀಸಿನವನು ಮಾವನವರ ಬೆರಳು ನೋಡಿದ, ನನ್ನ ಬೂಟು ನೋಡಿದ, ಲೈಸೆನ್ಸ್ ಮಾತ್ರ ಕೇಳಲಿಲ್ಲ. ಸಂಜೆ ನಮ್ಮವರಿಗೆ ಎಲ್ಲವನ್ನೂ ಹೇಳಿದೆವು. ಅವರು ಬೆಳ್ಳಗಾಗಿ ಕೂತರು. ಡಾಕ್ಟರಿಗೆ ತೋರಿಸುವುದೆಂದಾಯಿತು, ಭಾಷಣ ಬೇಡವೆಂದೂ ಹಟ ಹಿಡಿದರು. ನಾಲ್ಕು ಜನರ ಮುಂದೆ ಅಪ್ಪ ತಡವರಿಸುವುದನ್ನು ನೋಡಲಾರೆ ಎಂದು ನನ್ನ ಹತ್ತಿರ ಗುಟ್ಟಾಗಿ ಕಣ್ಣೊರೆಸಿಕೊಂಡರು. ಮಾವನವರು ಜಗ್ಗಲಿಲ್ಲ. ಮುಂದಿನ ವರ್ಷಕ್ಕೆ ಹಾಕುವ ಮಾತು ಇದಲ್ಲ, ಕೌಸಲ್ಯಾ ಮುಂದಿನ ಸಾಲಿನಲ್ಲಿ ಕೂತಿರಲಿ ಸಾಕು ಎಂದರು.

ಭಾನುವಾರ ಬೇಸ್‌ಮೆಂಟು ತುಂಬಿತ್ತು. ಹಿಂದಿನ ಮೇಜಿನ ಮೇಲೆ ಬಿಸಿಬೇಳೆಬಾತು, ಚಪಾತಿ, ಎಣ್ಣೆಗಾಯಿ ಘಮಘಮಿಸುತ್ತಿದ್ದವು. ಮಾವನವರು ಕರೀ ಕೋಟು ತೊಟ್ಟು ಬೋರ್ಡಿನ ಪಕ್ಕ ನಿಂತು ಮೊದಲು ನಿಯಮ ಹೇಳಿದರು: ನಡುನಡುವೆ ತಪ್ಪು ಹಾಕುತ್ತೇನೆ, ಹಿಡಿದವರಿಗೆ ಪೆಪ್ಪರ್‌ಮಿಂಟು. ಜನ ಖುಷಿಯಾಗಿ ಚಪ್ಪಾಳೆ ತಟ್ಟಿದರು. ಗುಂಡನೆಯ ಲೈಬ್ರರಿಗೆ ನಾಲ್ಕು ಮೂಲೆ ಎಂದಾಗ, ರಾಯಚೂರಿನ ಕಡೆಯ ಡಾಕ್ಟರ್ ಅಮರೇಶ್ವರ ಹಿಂದಿನಿಂದ, “ಗುಂಡಗಿರೋದಕ್ಕ ಮೂಲಿ ಎಲ್ಲಿಂದ ಬಂದ್ವು ಸರ?” ಎಂದು ಕೂಗಿ ಪೆಪ್ಪರ್‌ಮಿಂಟು ಗೆದ್ದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಮಾವನವರು ಮತ್ತೆ ಬೋರ್ಡಿನ ಕಡೆ ತಿರುಗಿ ಚೌಕಕ್ಕೆ ಬಂದರು. ಕಾರ್‌ಫ್ಯಾಕ್ಸ್, ಊರಿನ ಹೊಕ್ಕಳು ಎಂದರು. ಇಲ್ಲಿ ಎಡಕ್ಕೆ ತಿರುಗಿದರೆ ಕ್ರೈಸ್ಟ್ ಚರ್ಚ್ ಎಂದು ಸೀಮೆಸುಣ್ಣದಲ್ಲಿ ಗೀಟು ಎಳೆದು ಅಲ್ಲೇ ನಿಂತರು. ಕೈ ಬೋರ್ಡಿನ ಮೇಲೇ ಉಳಿಯಿತು. ಯಾರಿಗೂ ಏನೂ ಗೊತ್ತಾಗಲಿಲ್ಲ. ಮೆಲ್ಲಗೆ ತಿರುಗಿ ಮುಂದಿನ ಸಾಲಿನಲ್ಲಿ ನನ್ನನ್ನು ಹುಡುಕಿದರು. ಪಕ್ಕದಲ್ಲಿದ್ದ ನಮ್ಮವರು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದರು, ಬೇಡ ಎಂದು.

“ತಪ್ಪು ಮಾವ,” ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. “ಬಲಕ್ಕೆ.”

ಸೊಸೆ ಬಿಡೋಳಲ್ಲ ಎಂದು ಯಾರೋ ಅಂದರು. ಬೇಸ್‌ಮೆಂಟೆಲ್ಲ ನಗು. ಮಾವನವರು ಜೇಬಿನಲ್ಲಿ ತಡಕಾಡಿ, ನಾನು ಕೂತಲ್ಲಿಗೇ ಬಂದು ಪೆಪ್ಪರ್‌ಮಿಂಟನ್ನು ಕೈಯಲ್ಲಿಟ್ಟರು. ಬೆರಳು ತಣ್ಣಗಿತ್ತು. ಬಗ್ಗಿ, ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದರು.

“ಇದು ನಾನು ಹಾಕಿದ್ದಲ್ಲ.”

ಗೊತ್ತು ಎಂದೆ. ಅವರು ಹಿಂತಿರುಗಿ ಎಡದ ಗೀಟನ್ನು ಅಂಗೈಯಿಂದ ಒರೆಸಿ, ಬಲಕ್ಕೆ ಎಳೆದು, ಹೈ ಸ್ಟ್ರೀಟ್ ಹಿಡಿದು ಮುಂದೆ ಹೊರಟರು. ನಾನು ಪೆಪ್ಪರ್‌ಮಿಂಟನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡು, ಮುಂದಿನ ತಪ್ಪಿಗೆ ಕಿವಿಯಾಗಿ ಕೂತೆ.